ಬೇರೆಯವರ ಕನ್ನಡ ಕೇಳಿ ಮೈ ಪರಚಿಕೊಳ್ಳುವವರು ಏನು ಮಾಡಬೇಕು?

ಕೆಲವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದರೆ ಹೇಗಾಗುತ್ತದೋ, ಮಾತಿನಲ್ಲಿ ವ್ಯಾಕರಣ ತಪ್ಪಿದರೂ ಹಾಗೇ ಆಗುತ್ತದೆ. ಎದುರಿನವರು "ನನಗೆ ಎರಡು ಮಕ್ಕಳಿದ್ದಾರೆ" ಅಂದರು ಅಂತಿಟ್ಟುಕೊಳ್ಳಿ. ಮಕ್ಕಳು ಏನು ಓದುತ್ತಿದ್ದಾರೆ ಅಂತ ಕೇಳಬೇಕಾದ ಹೊತ್ತಿನಲ್ಲಿ ಇವರ ತಲೆಯಲ್ಲಿ "ಇಬ್ಬರು, ಇಬ್ಬರು" ಅಂತಲೇ ಓಡುತ್ತಿರುತ್ತದೆ. "ಅವರುಗಳು" ಅಂದರೆ ಮುಖ ಸಿಂಡರಿಸುತ್ತದೆ. "ನಾನು ಗೊತ್ತಿಲ್ಲ" ಅಂದರಂತೂ ಕೇಳುವುದೇ ಬೇಡ. ನೀವು ಈ ಪೈಕಿಯವರಾದರೆ ಮುಂದೆ ಓದಿ. ಅಲ್ಲದಿದ್ದರೆ ಇಂಥವರು ನಿಮ್ಮ ಮನೆಯಲ್ಲೇ ಒಬ್ಬರು ಇದ್ದಾರು, ಅವರಿಗೆ ಕಳಿಸಿ.

ಉತ್ತರ ಕನ್ನಡದಲ್ಲಿ ಇಂಥ ಕಿವಿ ಇಟ್ಟುಕೊಂಡು ಬದುಕುವುದು ಸುಲಭ ಅಲ್ಲ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳ ಜೋಯಿಡಾ ಕಡೆ ಮರಾಠಿ, ಮುಂಡಗೋಡದಲ್ಲಿ ಟಿಬೆಟನ್ನರು, ಕೈಗಾ ಅಣುಸ್ಥಾವರಕ್ಕೂ ನೌಕಾನೆಲೆಗೂ ಕೆಲಸಕ್ಕೆ ಬಂದವರ ಹಿಂದಿ. ಹೋಗಲಿ, ಕನ್ನಡವಾದರೂ ಒಂದೇ ಇದೆಯಾ ಅಂದರೆ ಅದೂ ಇಲ್ಲ. ಅಂಕೋಲಾ ಕುಮಟಾ ಕಡೆಯ ಹಾಲಕ್ಕಿಗಳದ್ದು ಒಂದು ಕನ್ನಡ, ಶಿರಸಿ ಸಿದ್ದಾಪುರದ ಹವ್ಯಕರದ್ದು ಇನ್ನೊಂದು. ಎಲ್ಲರನ್ನೂ ತಿದ್ದುತ್ತ ಹೊರಟರೆ ಕುಮಟಾದಲ್ಲಿ ಬಸ್ಸು ಹತ್ತಿದವರಿಗೆ ದೇವಿಮನೆ ಘಟ್ಟ ಮುಗಿಯುವುದರೊಳಗೆ ಗಂಟಲು ಒಣಗುತ್ತದೆ.

ಹಾಗಾಗಿ ಮೊದಲ ಕೆಲಸ ಬಾಯಿಗಲ್ಲ, ಕಿವಿಗೆ. ಕೇಳಿದ್ದು ತಪ್ಪೋ, ಅಥವಾ ನಿಮ್ಮದಲ್ಲದ ಕನ್ನಡವೋ ಅಂತ ನೋಡಿ. ಇದಕ್ಕೆ ಸುಲಭದ ಪರೀಕ್ಷೆ ಒಂದಿದೆ. ಆ ಊರಲ್ಲೇ ಹುಟ್ಟಿ ಬೆಳೆದ ಅಜ್ಜಿ ಹಾಗೆ ಹೇಳುತ್ತಾರಾ? ಅವರ ಮೊಮ್ಮಗುವೂ ಹಾಗೇ ಹೇಳುತ್ತದಾ? ಪ್ರತಿ ಸಲ ಹಾಗೇ ಹೇಳುತ್ತಾರಾ? ಮೂರಕ್ಕೂ ಹೌದು ಅಂತಾದರೆ ಅದು ತಪ್ಪಲ್ಲ, ಅದೇ ಅಲ್ಲಿನ ವ್ಯಾಕರಣ. ಹವ್ಯಕರ ಮನೆಯಲ್ಲಿ "ಅಕ್ಕ ಬಂತು" ಅನ್ನುತ್ತಾರೆ. ಮೈಸೂರು ಕಡೆಯಿಂದ ಬಂದವರಿಗೆ ಇದು ಕಿವಿಗೆ ಹೊಡೆಯುತ್ತದೆ, ಹೆಂಗಸರಿಗೆ ಮರ್ಯಾದೆ ಇಲ್ಲವಾ ಅಂತ ಕೇಳುವವರೂ ಇದ್ದಾರೆ. ಆದರೆ ಅಲ್ಲಿ ಅಕ್ಕ, ಅಮ್ಮ, ಅತ್ತಿಗೆ ಎಲ್ಲರಿಗೂ ಅದೇ ನಿಯಮ, ಯಾರೂ ಮರೆತು ಹೇಳುವುದಲ್ಲ. ಅಷ್ಟಕ್ಕೂ "ಮಗು ಅಳುತ್ತಿದೆ" ಅಂತ ನಾವೆಲ್ಲ ಹೇಳುತ್ತೇವೆ, ಮಗುವಿಗೆ ಅವಮಾನ ಆಯಿತು ಅಂತ ಯಾರಿಗೂ ಅನಿಸುವುದಿಲ್ಲ, ಅಲ್ವಾ?

ಇನ್ನೂ ತಮಾಷೆ ಎಂದರೆ, ನಗೆಗೆ ಗುರಿಯಾಗುವ ಮಾತೇ ಎಷ್ಟೋ ಸಲ ಹಳೆಯದು. ಹವ್ಯಕರು ನಾನು ಅನ್ನುವುದಕ್ಕೆ "ಆನು" ಅನ್ನುತ್ತಾರೆ. ಹಳಗನ್ನಡದಲ್ಲಿ ಅದು "ಆನ್". ಪರೀಕ್ಷೆಯಲ್ಲಿ ಅದನ್ನು ಬರೆದರೆ ಅಂಕ ಕೊಡುತ್ತೇವೆ, ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು ಕೇಳಿದರೆ ಕಿಸಕ್ಕನೆ ನಗುತ್ತೇವೆ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದರ ಮಾತು ಬರುತ್ತದೆ. ಕನ್ನಡದ ದೇಸಿಗಳು, ಅಂದರೆ ಊರೂರಿನ ನುಡಿಗಳು, ಬೇರೆ ಬೇರೆ ಇರುವುದರಿಂದ ಅವುಗಳ ದೋಷ ಇಷ್ಟೇ ಅಂತ ತಿಳಿದು ಹೇಳಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಅನ್ನುತ್ತದೆ ಅದು. ನಾಗರಾಜನಿಗೇ ಆಗದ ಕೆಲಸವನ್ನು ನೀವು ಚಹಾ ಅಂಗಡಿಯಲ್ಲಿ ಕೂತು ಮಾಡುತ್ತೇನೆ ಅಂದರೆ ಹೇಗೆ?

ವ್ಯಾಕರಣವೇ ಬೇಡ ಅಂತ ಹೇಳುತ್ತಿಲ್ಲ ನಾನು. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನ ಅನ್ನುವ ಕನ್ನಡ ವ್ಯಾಕರಣ ಬರೆದ ಭಟ್ಟಾಕಳಂಕನ ನಂಟು ಈ ಜಿಲ್ಲೆಯ ಜೈನ ಮಠಗಳ ಜೊತೆಗೇ ಇರುವುದು. 592 ಸೂತ್ರ, ಅದೂ ಸಂಸ್ಕೃತದಲ್ಲಿ, ಕನ್ನಡಕ್ಕೆ! ಕುಂದಾಪುರ ದಾಟಿ ಬಂದವರು ನಮಗೆ ವ್ಯಾಕರಣ ಕಲಿಸಬೇಕಾಗಿಲ್ಲ. ಆದರೆ ಇಂಥ ಪುಸ್ತಕಗಳಿಗೆ ಬೇಕಾದದ್ದು ಬರೆಯುವ ಕನ್ನಡ. ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಚೌಕಾಸಿ ಮಾಡುವ ಬಾಯಿಗೆ ಆ ಅಳತೆಗೋಲು ಹಿಡಿಯುವುದು ಸುಮ್ನೆ ಜಗಳ ತರುವ ಕೆಲಸ.

ಇಲ್ಲಿವರೆಗೆ ಹೇಳಿದ್ದು ಮೊದಲ ಗುಂಪಿನ ಮಾತು, ತಮ್ಮೂರಿನ ಕನ್ನಡ ಆಡುವವರದ್ದು. ಮೀನು ಮಾರ್ಕೆಟ್ಟಿನ ಮಾತು ಬಂತಲ್ಲ, ಎರಡನೇ ಗುಂಪಿನವರು ಅಲ್ಲೇ ಸಿಗುತ್ತಾರೆ. ಮನೆಮಾತು ಬೇರೆ ಇದ್ದು, ನಮಗೋಸ್ಕರ ಕನ್ನಡ ಮಾತಾಡುವವರು. ಇವರು ತಪ್ಪುವುದು ಹೌದು, ಆದರೆ ಅದಕ್ಕೊಂದು ಕಾರಣ ಇರುತ್ತದೆ. ಕೊಂಕಣಿಯಲ್ಲಿ ನಿರ್ಜೀವ ವಸ್ತುವಿಗೂ ಗಂಡು ಹೆಣ್ಣು ಉಂಟು, ಎಳೆ ಹುಡುಗಿಯನ್ನು ನಪುಂಸಕದಲ್ಲಿ ಹೇಳುವ ರೂಢಿಯೂ ಉಂಟು. ಅಲ್ಲಿಂದ ಕನ್ನಡಕ್ಕೆ ಬರುವಾಗ ಲಿಂಗ ಎಡವಿದರೆ ಅದರಲ್ಲಿ ಆಶ್ಚರ್ಯ ಏನಿದೆ? ಹಿಂದಿಯವರಿಗೆ ಅವರ ಪುಸ್ತಕದ ಭಾಷೆಯಲ್ಲಿ ಳಕಾರವೇ ಇಲ್ಲ, ಅದಕ್ಕೇ ಜೂನ್ ತಿಂಗಳಿಡೀ "ಜೋರು ಮಲೆ" ಅನ್ನುತ್ತಾರೆ. ಕಾರವಾರದ ಹಿರಿಯರ ಕನ್ನಡದಲ್ಲಿ ಮರಾಠಿಯ ವಾಸನೆ ಬರುತ್ತದೆ ಅಂತ ಮೂಗು ಮುರಿಯುವವರು ಒಂದು ನೆನಪಿಡಿ: 1956ರವರೆಗೆ ಈ ಜಿಲ್ಲೆ ಇದ್ದದ್ದು ಮುಂಬಯಿ ಕಡೆ, ಕಾರವಾರ ಹಳಿಯಾಳದ ಸುತ್ತ ಮರಾಠಿ ಶಾಲೆಗೆ ಹೋದವರು ಎಷ್ಟೋ ಜನ.

ಇವರ ಜೊತೆ ಮಾಡಬೇಕಾದದ್ದು ಇಷ್ಟು. ತಪ್ಪನ್ನು ಎತ್ತಿ ಆಡಬೇಡಿ. ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಸೇರಿಸಿ ಮಾತು ಮುಂದುವರಿಸಿ. "ನಾಳೆ ಎರಡು ಗೆಸ್ಟ್ ಬರ್ತದೆ" ಅಂದರೆ "ಹೌದಾ, ಇಬ್ಬರು ಬರ್ತಾರಾ, ಊಟಕ್ಕೆ ಏನು ಮಾಡ್ತೀರಿ?" ಅನ್ನಿ. ಅಷ್ಟೇ. "ಇಬ್ಬರು" ಅನ್ನುವಾಗ ಹುಬ್ಬು ಏರಿಸಬಾರದು, ಒತ್ತಿ ಹೇಳಬಾರದು, ಹೇಳಿ ಅರ್ಧ ಸೆಕೆಂಡು ನಿಲ್ಲಿಸಿ ಅವರ ಮುಖ ನೋಡಲೇಬಾರದು. ಹೆಚ್ಚಿನವರು ಎಡವುವುದು ಇಲ್ಲೇ, ತಿದ್ದಿದ್ದು ಗೊತ್ತಾಗಲಿ ಅಂತ ಒಳಗೊಂದು ಆಸೆ ಇರುತ್ತದೆ. ನಿಮ್ಮ ಬಾಯಲ್ಲಿ ಹತ್ತಾರು ಸಲ ಸರಿಯಾಗಿ ಕೇಳಿದ ಮೇಲೆ ಅವರ ಬಾಯಿಗೂ ಅದು ಬರುತ್ತದೆ, ಬರದಿದ್ದರೂ ಗೆಸ್ಟ್ ಬರುವುದೇನೂ ನಿಲ್ಲುವುದಿಲ್ಲ. ಇನ್ನೊಂದು, ಅವರು ತಡವರಿಸಿದ ಕೂಡಲೇ ನೀವು ಹಿಂದಿಗೆ ಹಾರಬೇಡಿ. ಸಹಾಯ ಮಾಡಿದೆ ಅಂತ ನಿಮಗನಿಸುತ್ತದೆ, "ನಿನ್ನ ಕನ್ನಡ ಸಾಕು" ಅಂತ ಅವರಿಗೆ ಕೇಳಿಸುತ್ತದೆ.

ಈಗ ಮೂರನೆಯ ಗುಂಪು. ಇಲ್ಲಿ ನಿಮ್ಮ ಸಿಟ್ಟಿಗೆ ನನ್ನ ಪೂರ್ತಿ ಬೆಂಬಲ ಇದೆ. ಟಿವಿ ಸುದ್ದಿಯವರ ಕನ್ನಡ. "ಪೊಲೀಸರು ತನಿಖೆಯನ್ನು ನಡೆಸುವಂತಹ ಕೆಲಸವನ್ನು ಮಾಡುತ್ತಿರುವಂಥದ್ದು." ಪೊಲೀಸರು ತನಿಖೆ ನಡೆಸುತ್ತಿದ್ದಾರೆ ಅಂದರೆ ಮುಗಿಯಿತು! ಇದು ಯಾವ ಊರಿನ ಕನ್ನಡವೂ ಅಲ್ಲ, ಯಾವ ಅಜ್ಜಿಯೂ ಹೀಗೆ ಮಾತಾಡುವುದಿಲ್ಲ, ಮೇಲೆ ಹೇಳಿದ ಪರೀಕ್ಷೆಯಲ್ಲಿ ಇದು ಸೀದಾ ಫೇಲು. ನೇರ ಪ್ರಸಾರದಲ್ಲಿ ಹೇಳಲು ವಿಷಯ ಇರುವುದಿಲ್ಲ, ಮೈಕು ಮಾತ್ರ ಕೈಯಲ್ಲಿರುತ್ತದೆ, ಮುಂದಿನ ಮಾತು ಹೊಳೆಯುವವರೆಗೆ "ವಂತಹ" "ವಂಥದ್ದು" ಸೇರಿಸಿ ಸಮಯ ತಳ್ಳುತ್ತಾರೆ. ಕಾರಣ ಗೊತ್ತಾದರೆ ಉರಿ ಸ್ವಲ್ಪ ಇಳಿಯುತ್ತದೆ. ಆದರೆ ಇದು ಅಂಟುರೋಗ. ಪಂಚಾಯಿತಿ ಸಭೆಯಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ ಮೈಕು ಸಿಕ್ಕಿದ ತಕ್ಷಣ ಜನ "ಈ ಕಾರ್ಯಕ್ರಮಕ್ಕೆ ಆಗಮಿಸಿರುವಂತಹ" ಶುರು ಮಾಡುತ್ತಾರೆ, ಹಾಗೆ ಅಂದರೇನೇ ಭಾಷಣ ಅಂತ ತಿಳಿದಿದ್ದಾರೆ. ನಿಮ್ಮ ಬಾಯಿಗೆ ಬಂದಿದೆಯಾ ನೋಡಲು ಫೋನಿನಲ್ಲಿ ನಿಮ್ಮದೇ ಭಾಷಣ ರೆಕಾರ್ಡ್ ಮಾಡಿ ಕೇಳಿ. ಬಂದಿದ್ದರೆ ವಾಕ್ಯ ತುಂಡು ಮಾಡಿ. ಕ್ರಿಯಾಪದ ಬೇಗ ಬಂದರೆ "ವಂತಹ"ಕ್ಕೆ ಜಾಗ ಉಳಿಯುವುದಿಲ್ಲ.

ತಿದ್ದುವ ತುರಿಕೆ ಇದ್ದೇ ಇದೆ, ಅದನ್ನು ಕೆಲಸಕ್ಕೆ ಹಚ್ಚಲು ಒಳ್ಳೆಯ ಜಾಗ ಅಚ್ಚಿಗೆ ಹೋಗುವ ಬರಹ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಬಂತು ಎಂದರೆ ಊರಿಡೀ ಫ್ಲೆಕ್ಸು. "ಹಾರ್ಧಿಕ ಶುಭಾಷಯಗಳು" ಕಟ್ಟಿದ ಮೇಲೆ ಕೆಳಗೆ ನಿಂತು ನಗುವುದರಿಂದ ಯಾರಿಗೂ ಲಾಭ ಇಲ್ಲ. ಅಚ್ಚಾಗುವ ಮೊದಲೇ ಕಮಿಟಿಯಲ್ಲಿ ಗೊತ್ತಿರುವ ಒಬ್ಬರಿಗೆ "ಒಂದು ಸಲ ಕಳಿಸು, ನೋಡಿಕೊಡ್ತೇನೆ" ಅಂತ ಹೇಳಿಡಿ. ಕಳಿಸಿದರೆ ಉಪನ್ಯಾಸ ಕೊಡಬೇಡಿ, ಸರಿ ಮಾಡಿದ ಸಾಲನ್ನೇ ಟೈಪ್ ಮಾಡಿ ವಾಟ್ಸಾಪಿನಲ್ಲಿ ಹಾಕಿ, ಅವರು ಹಾಗೇ ಎತ್ತಿ ಅಂಟಿಸಿಕೊಳ್ಳಲಿ. ಮೊದಲು ಹೆಸರು, ತಾರೀಕು ನೋಡಿ, ಆಮೇಲೆ ಮಹಾಪ್ರಾಣ. ಲಗ್ನಪತ್ರಿಕೆಗೂ ಇದೇ ಕ್ರಮ.

ಮನೆಯ ಮಕ್ಕಳದ್ದು ಸ್ವಲ್ಪ ಸೂಕ್ಷ್ಮ. ಶಾಲೆಯ ಪ್ರಬಂಧದಲ್ಲಿ ಮಗು "ಅಜ್ಜಿ ಬಂತು" ಅಂತ ಬರೆದರೆ ತಪ್ಪು ಅಂತ ಕೆಂಪು ಗೀಟು ಬೀಳುತ್ತದೆ. ಮಗುವಿಗೆ ತಲೆ ಕೆಡುತ್ತದೆ, ಅಜ್ಜಿಯ ಎದುರಿಗೇ ತಾನು ದಿನಾ ಹಾಗೆ ಹೇಳುತ್ತದಲ್ಲ. "ಮನೆಯಲ್ಲಿ ಹಾಗೆ, ನೋಟ್ ಪುಸ್ತಕದಲ್ಲಿ ಬರೆಯುವಾಗ ಅಜ್ಜಿ ಬಂದರು ಅಂತ" ಅನ್ನಿ, ಎರಡೂ ಸರಿ ಅಂತ ಬಿಡಿಸಿ ಹೇಳಿ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಮನೆಮಾತೇ ತಪ್ಪು ಅಂತ ತಲೆಗೆ ಹೋದ ಮಗು ಆಮೇಲೆ ಎರಡು ಕಡೆಯೂ ಬಾಯಿ ಬಿಡುವುದಿಲ್ಲ.

ಉಳಿದವು ಚುಟುಕಾಗಿ. ಜಗಳದ ನಡುವೆ ವ್ಯಾಕರಣ ತಿದ್ದಿದರೆ ವಾದ ಸೋತಂತೆಯೇ. ಹಿರಿಯರನ್ನು ನಾಲ್ಕು ಜನರ ಎದುರು ತಿದ್ದಬೇಡಿ. ಗೆಳೆಯ ಇಂಟರ್‌ವ್ಯೂಗೆ ಹೋಗುವ ಮೊದಲು ಕೇಳಿದರೆ ಒಂದೆರಡು ಮಾತ್ರ ಹೇಳಿ, ಪಟ್ಟಿ ಕೊಟ್ಟರೆ ಅವನಿಗೆ ಒಳಗೆ ಹೋದ ಮೇಲೆ ಬಾಯೇ ಹೊರಡುವುದಿಲ್ಲ. ಅತ್ತೆಯ ವಿಭಕ್ತಿ ತಿದ್ದುವ ಧೈರ್ಯ ಇದ್ದರೆ ಅದು ನಿಮ್ಮ ಹಣೆಬರಹ.

ಇಷ್ಟಾದರೂ ಕಿವಿ ತಣಿಯದವರಿಗೆ ನಮ್ಮ ಕಡೆ ಒಂದು ಮದ್ದಿದೆ. ಮಳೆಗಾಲದಲ್ಲಿ ಯಕ್ಷಗಾನ ಬಯಲಾಟ ನಿಂತಾಗ ತಾಳಮದ್ದಲೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದೇ ಎಲ್ಲ. ಬರೆದುಕೊಂಡು ಬಂದದ್ದಲ್ಲ, ಆ ಹೊತ್ತಿಗೆ ಹೊಳೆದದ್ದು, ಆದರೂ ಒಂದು ಇಂಗ್ಲಿಷ್ ಪದ ನುಸುಳುವಂತಿಲ್ಲ. ಕೃಷ್ಣ ಆಡಿದ ಮಾತಿನ ಒಂದು ಎಳೆ ಹಿಡಿದು ಕೌರವ ಕಾಲು ಗಂಟೆ ಜಗ್ಗುತ್ತಾನೆ, ಸಭೆ ಚಪ್ಪಾಳೆ ಹೊಡೆಯುತ್ತದೆ. ಇನ್ನೊಬ್ಬರ ಮಾತಿನಲ್ಲಿ ಹುಳುಕು ಹುಡುಕುವುದಕ್ಕೆ ಚಹಾ ಅವಲಕ್ಕಿ ಕೊಟ್ಟು ಕೂರಿಸುವ ಜಾಗ ಇನ್ನೆಲ್ಲಿ ಸಿಗುತ್ತದೆ? ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ದೇವಸ್ಥಾನದ ನೋಟಿಸ್ ಬೋರ್ಡು ನೋಡುತ್ತಿರಿ. ಛತ್ರಿ ಒಯ್ಯಿರಿ, ಸ್ಪೀಕರಿನ ಪಕ್ಕ ಮಾತ್ರ ಕೂರಬೇಡಿ.