ಹೊಯ್ಗೆ ಹಿತ್ತಲಲ್ಲಿ ಬೇಸಿಗೆಯ ಬೆಂಡೆ, ಬಸಳೆ, ಅಬ್ಬಲಿಗೆ: ನನ್ನ ಅನುಭವ

ನಮ್ಮ ಹಿತ್ತಲು ಉತ್ತರ ಕನ್ನಡದ ಕುಮಟಾ ಹತ್ತಿರ, ಧಾರೇಶ್ವರದ ಕಡೆ, ಕಡಲಿಗೆ ಹತ್ತಿರ. ಅರ್ಧದಷ್ಟು ತೆಂಗು, ಉಳಿದದ್ದೆಲ್ಲ ಹೊಯ್ಗೆ, ಅಂದರೆ ಮರಳು. ಮಳೆಗಾಲದಲ್ಲಿ ಇಲ್ಲಿ ಏನು ಬಿತ್ತಿದರೂ ಹುಟ್ಟುತ್ತದೆ. ಶಿವರಾತ್ರಿ ಕಳೆದ ಮೇಲೆ ಮಾತ್ರ ಹರಿವೆಯೂ ಏಳುವುದಿಲ್ಲ ಅಂತ ಕೇರಿಯವರೆಲ್ಲ ಹೇಳುತ್ತಿದ್ದರು. ಈ ಸಲ ಫೆಬ್ರವರಿ ಕೊನೆಯಿಂದ ಮೇ ಅರ್ಧದವರೆಗೆ ಆಲೂಗಡ್ಡೆ, ಈರುಳ್ಳಿ, ಟೊಮೆಟೊ ಬಿಟ್ಟರೆ ನಾವು ಕುಮಟಾ ಪೇಟೆಯಿಂದ ತರಕಾರಿ ತಂದಿಲ್ಲ. ಬಸಳೆಯನ್ನು ಕೇರಿಗೆಲ್ಲ ಹಂಚಿದೆ. ಅಬ್ಬಲಿಗೆ (ಕನಕಾಂಬರ), ಮಲ್ಲಿಗೆ ಹೂವು ಮಾರಿದ ದುಡ್ಡೂ ಬಂತು. ಹಾಗಾಗಿ ಬರೆಯುತ್ತಿದ್ದೇನೆ. ಕೈತೋಟ ಮಾಡುವವರಿಗೆ ಬೀಜ ಊರುವುದು, ನೀರು ಹಾಕುವುದು ನಾನು ಹೇಳಿಕೊಡಬೇಕಾಗಿಲ್ಲ. ಹೊಯ್ಗೆಯಲ್ಲಿ ಏನು ಬೇರೆ, ಅದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಮಡಿ. ಎಲ್ಲರೂ ಏರು ಮಡಿ ಮಾಡಿ ಅನ್ನುತ್ತಾರೆ. ಮಳೆಗಾಲಕ್ಕೆ ಅದು ಸರಿ. ಬೇಸಿಗೆಯ ಹೊಯ್ಗೆಯಲ್ಲಿ ಏರು ಮಡಿ ನಾಲ್ಕೂ ಕಡೆಯಿಂದ ಒಣಗುತ್ತದೆ. ಬೆಳಿಗ್ಗೆ ಎರಡು ಕೊಡ ನೀರು ಸುರಿದರೆ ಹತ್ತು ಗಂಟೆಗೆ ಬೆರಳು ಹಾಕಿ ನೋಡಿ, ಬೂದಿಯಷ್ಟು ಒಣ. ಎರಡು ಬೇಸಿಗೆ ಹಾಗೆ ಹೋಯಿತು. ಬೆಂಡೆ ಗೇಣುದ್ದ ಆಗಿ ನಿಂತುಬಿಡುತ್ತಿತ್ತು. ಅಲಸಂದೆ ಹೂ ಬಿಟ್ಟು ಉದುರಿಸುತ್ತಿತ್ತು.

ಮೂರನೇ ಬೇಸಿಗೆಗೆ ಮಡಿಯನ್ನು ನೆಲದ ಒಳಗೆ ಇಳಿಸಿದೆ. ಎರಡಡಿ ಅಗಲ, ಮೊಣಕಾಲು ಆಳದ ಕಾಲುವೆ. ಅಡಿಯಲ್ಲಿ ತೆಂಗಿನಕಾಯಿ ಸಿಪ್ಪೆ ಎರಡು ಪದರ, ಒಳಗಿನ ಗುಳಿ ಮೇಲಾಗಿ. ಅದರ ಮೇಲೆ ಅರೆ ಕೊಳೆತ ದರಕು (ಉದುರಿದ ಒಣ ಎಲೆ), ಆಮೇಲೆ ಕೆರೆಗೋಡು (ಕೆರೆಯ ಹೂಳು) ಮತ್ತು ಹಟ್ಟಿಗೊಬ್ಬರ ಬೆರೆಸಿದ ಮಣ್ಣು. ಗಿಡ ನಿಲ್ಲುವ ಮಟ್ಟ ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ಕೆಳಗೇ ಇರಬೇಕು. ಅತ್ತೆ ನೋಡಿ, "ಹೊಂಡದಲ್ಲಿ ಗಿಡ ಇಟ್ಟರೆ ಕೊಳೀತದೆ ಮಾರಾಯ್ತಿ, ಮಡಿ ಅಂದರೆ ಏರಿಸೂದು" ಎಂದರು. ಅಗೆಯಲು ಬಂದ ಆಳೂ ಅದನ್ನೇ ಹೇಳಿದ. ಕೊಳೆಯಲಿಲ್ಲ. ಹೊಯ್ಗೆ ನೀರನ್ನು ಹಿಡಿದಿಟ್ಟುಕೊಂಡರೆ ತಾನೇ ಕೊಳೆಯುವುದು? ಸಿಪ್ಪೆ ಹೀರಿದಷ್ಟು ಮಾತ್ರ ಅಡಿಯಲ್ಲಿ ಉಳಿಯುತ್ತದೆ. ಬೇರು ಅಲ್ಲಿಗೆ ಇಳಿಯುತ್ತದೆ.

ಸಿಪ್ಪೆಯ ವಿಷಯದಲ್ಲಿ ಒಂದು ಮಾತು. ಆಗಷ್ಟೇ ಸುಲಿದ ಸಿಪ್ಪೆ ಹಾಕಿದ ಸಾಲಿನಲ್ಲಿ ಬೆಂಡೆಯ ಎಲೆ ಅಂಚು ಸುಟ್ಟು, ಸಸಿ ಕುಳ್ಳಾಗಿಯೇ ಉಳಿದವು. ನೀರು ಹಾಕಿದರೆ ಚಹಾದಂಥ ಕಂದು ನೀರು ಮೇಲೆ ಬರುತ್ತಿತ್ತು. ಪಕ್ಕದ ಸಾಲಿಗೆ ಹಾಕಿದ್ದು ಒಂದು ಮಳೆಗಾಲ ಪೂರ್ತಿ ಅಂಗಳದ ಮೂಲೆಯಲ್ಲಿ ನೆನೆದ ಸಿಪ್ಪೆ. ಅದೇ ದಿನ ಅದೇ ಬೀಜ ಊರಿದ್ದು, ಅಲ್ಲಿ ಎದೆಮಟ್ಟ ಬಂತು. ಆ ಕಂದು ಒಗರು, ಉಪ್ಪು ಎಲ್ಲ ಮಳೆಯಲ್ಲಿ ತೊಳೆದು ಹೋಗಬೇಕು. ಈಗ ವರ್ಷವಿಡೀ ಸಿಪ್ಪೆ ಕೂಡಿಡುತ್ತೇನೆ, ಮಳೆ ಬೀಳುವ ಜಾಗದಲ್ಲೇ. ಒಮ್ಮೆ ಹೂತದ್ದು ನಾಲ್ಕೈದು ವರ್ಷಕ್ಕೆ ಮೋಸವಿಲ್ಲ. ತೆಂಗಿನ ಬುಡಕ್ಕೆ ಸಿಪ್ಪೆ ಹೂಳುವುದು ನಮ್ಮಲ್ಲಿ ಹೊಸದೇನಲ್ಲ. ತರಕಾರಿಗೆ ಯಾಕೆ ಯಾರೂ ಮಾಡುವುದಿಲ್ಲವೋ!

ಅಗೆದ ಹೊಯ್ಗೆಯನ್ನು ಪಡುವಣ ದಿಕ್ಕಿಗೆ ಒಡ್ಡಿನ ಹಾಗೆ ಹಾಕಿ, ಮೇಲೆ ಹೆಣೆದ ತೆಂಗಿನ ಮಡಲಿನ (ಗರಿಯ) ತಟ್ಟಿ ನಿಲ್ಲಿಸಿದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಗಾಳಿ ಬಿಸಿಲಿಗಿಂತ ಕಷ್ಟ. ಉಪ್ಪು ಹೊತ್ತು ತಂದು ಎಲೆಗೆ ಬಡಿಯುತ್ತದೆ. ತಟ್ಟಿ ಇಲ್ಲದ ಮೂಲೆಯ ಹೀರೆಬಳ್ಳಿ ಒಂದೇ ಮಗ್ಗುಲು ಒಣಗಿತ್ತು.

ಎರಡನೆಯದು ನೀರು. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು. ನಮ್ಮ ಬಾವಿ ಮಾರ್ಚ್‌ವರೆಗೆ ಸಿಹಿ. ಏಪ್ರಿಲ್‌ನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ತೋಟಕ್ಕೆ ಅದೇ ನೀರು ಬಿಟ್ಟರೆ ಮೊದಲು ಅಲಸಂದೆ ಸಾಯುತ್ತದೆ, ಆಮೇಲೆ ಹಾಗಲ. ಬಸಳೆ ಮಾತ್ರ ಸ್ವಲ್ಪ ತಡೆಯುತ್ತದೆ. ಇನ್ನೊಂದು ಬಾವಿ ತೆಗೆಸಿ, ಬೋರು ಹೊಡೆಸಿ ಅಂದವರಿದ್ದಾರೆ. ಕಡಲ ಬದಿಗೆ ಬೋರು ಹೊಡೆಸಿದರೆ ಉಪ್ಪಿಗೆ ದಾರಿ ಮಾಡಿಕೊಟ್ಟ ಹಾಗೆ.

ಐನೂರು ರೂಪಾಯಿ ಒಳಗೆ ಸಿಗುವ ಟಿಡಿಎಸ್ ಪೆನ್ನು ತರಿಸಿದೆ. ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಅಂತ ಅದು ತೋರಿಸುತ್ತದೆ. ಏಪ್ರಿಲ್ ಕೊನೆಗೆ ಕೊಡಪಾನದಲ್ಲಿ ಮೇಲಿನ ನೀರು ಸೇದಿ ನೋಡಿದರೆ ನಾನೂರರ ಆಸುಪಾಸು. ಬಾಟಲಿಗೆ ಕಲ್ಲು ಕಟ್ಟಿ ತಳದ ನೀರು ತೆಗೆದರೆ ಸಾವಿರದ ಎಂಟುನೂರು ದಾಟಿತು. ಒಂದೇ ಬಾವಿ! ಸಿಹಿ ನೀರು ಹಗುರ, ಮೇಲೆ ತೇಲುತ್ತದೆ. ನಮ್ಮ ಪಂಪಿನ ಫುಟ್‌ವಾಲ್ವ್ (ನೀರು ಎಳೆಯುವ ಪೈಪಿನ ಬಾಯಿಯ ವಾಲ್ವ್) ಇದ್ದದ್ದು ತಳದಲ್ಲಿ. ಅಂದರೆ ಇಷ್ಟು ವರ್ಷ ನಾವು ಒಳ್ಳೆ ನೀರನ್ನು ಬಿಟ್ಟು ಕೆಟ್ಟದ್ದನ್ನೇ ಎತ್ತುತ್ತಿದ್ದೆವು. ಕಡಲ ತೀರದ ನೀರಿಗೆ ಒಂದು ಲೆಕ್ಕವಿದೆ. ಸಿಹಿ ನೀರಿನ ಮಟ್ಟ 1 ಅಡಿ ಇಳಿದರೆ ಅಡಿಯ ಉಪ್ಪು ನೀರು ಸುಮಾರು 40 ಅಡಿ ಮೇಲೇರಲು ನೋಡುತ್ತದೆ. ಹಾಗಾಗಿ ಒಮ್ಮೆಗೇ ಬಾವಿ ಬಗ್ಗಡ ಆಗುವಷ್ಟು ಎತ್ತಲೇಬಾರದು.

ಗಟ್ಟಿ ಪೈಪು ಕತ್ತರಿಸಿ ಹಸಿರು ಸಕ್ಷನ್ ಪೈಪು ಹಾಕಿಸಿ, ಫುಟ್‌ವಾಲ್ವನ್ನು ಇಪ್ಪತ್ತು ಲೀಟರಿನ ಖಾಲಿ ಕ್ಯಾನಿಗೆ ಕಟ್ಟಿ ತೇಲಿಬಿಟ್ಟೆ. ನೀರು ಇಳಿದ ಹಾಗೆ ಅದೂ ಇಳಿಯುತ್ತದೆ. ಪಂಪ್ ರಿಪೇರಿಯವನು ಒಪ್ಪಲೇ ಇಲ್ಲ. "ಅಕ್ಕೋರೆ, ಗಾಳಿ ಎಳೀತದೆ, ಮೋಟಾರು ಸುಟ್ಟು ಹೋಗ್ತದೆ, ಆಮೇಲೆ ನನ್ನ ಕರೀಬೇಡಿ." ಮೊದಲ ದಿನ ಗಾಳಿ ಎಳೆದದ್ದೂ ಹೌದು. ಹಗ್ಗ ಉದ್ದ ಮಾಡಿ ವಾಲ್ವ್ ಒಂದೂವರೆ ಅಡಿ ಕೆಳಗೆ ನಿಲ್ಲುವಂತೆ ಕಟ್ಟಿದ ಮೇಲೆ ಸರಿಯಾಯಿತು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅಷ್ಟೇ. ಮೇ ತಿಂಗಳಲ್ಲೂ ತೋಟಕ್ಕೆ ಹೋಗುವ ನೀರು ಆರುನೂರು ದಾಟಲಿಲ್ಲ. ಆ ಪಂಪಿನವನು ಈಗ ಬೇರೆ ಎರಡು ಮನೆಗೆ ಇದನ್ನೇ ಮಾಡಿಕೊಟ್ಟಿದ್ದಾನೆ.

ಬೆಳೆಗಳಿಗೆ ಬರುತ್ತೇನೆ. ಬಸಳೆಗೆ ಹೇಳುವಂಥದ್ದೇನಿಲ್ಲ, ದಂಟು ಊರಿ ಚಪ್ಪರಕ್ಕೆ ಹತ್ತಿಸಿದರೆ ಮುಗಿಯಿತು. ಶಿರಸಿ ಕಡೆಯ ನೆಂಟರು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕೊಟ್ಟಿದ್ದರಿಂದ ಚಪ್ಪರಕ್ಕೆ ದುಡ್ಡು ಹೋಗಲಿಲ್ಲ. ಕೆಂಪು ಹರಿವೆಯ ಬೀಜ ಅಂಕೋಲೆ ಪೇಟೆಯಲ್ಲಿ ಸೊಪ್ಪು ಮಾರುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಕೊಟ್ಟದ್ದು. "ಬೂದಿ ಕಲಸಿ ಬಿತ್ತು ತಂಗಿ, ಇರುವೆ ಹೊತ್ಕಂಡು ಹೋಗ್ತದೆ" ಎಂದರು. ಅದರ ಸೊಪ್ಪಿನ ರುಚಿ ಪ್ಯಾಕೆಟ್ ಬೀಜದ್ದಕ್ಕಿಲ್ಲ. ಈಗ ನಾನೇ ಬೀಜ ಕಟ್ಟುತ್ತೇನೆ.

ಬೆಂಡೆಗೆ ಇಲ್ಲಿ ಎರಡು ಕಾಟ. ಒಂದು ಹಳದಿ ನಂಜು. ಬಿಳಿನೊಣ ತರುವ ರೋಗ, ಬಂದ ಗಿಡ ಕಿತ್ತು ಸುಡುವುದೇ ದಾರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ಎಂಬ ಬೆಂಡೆ ತಳಿ ಹಾಕಿದ ಮೇಲೆ ಇದರ ಕಾಟ ಬಹಳ ಕಡಿಮೆ. ಇನ್ನೊಂದು ಬೇರು ಗಂಟು. ಹೊಯ್ಗೆ ಅಂದರೆ ಜಂತುಹುಳಕ್ಕೆ ಅರಮನೆ. ಗಿಡ ಯಾಕೆ ಸೊರಗಿತು ಅಂತ ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಅದಕ್ಕೆ ಗೊಂಡೆ ಹೂ (ಚೆಂಡು ಹೂ). ಸುಮ್ನೆ ಅಂದಕ್ಕೆ ಅಂಚಿನಲ್ಲಿ ನಾಲ್ಕು ಗಿಡ ಇಟ್ಟರೆ ಏನೂ ಆಗುವುದಿಲ್ಲ, ಅದನ್ನು ಒಂದು ಬೇಸಿಗೆ ಮಾಡಿ ನೋಡಿದ್ದೇನೆ. ಮಳೆ ನಿಂತ ಮೇಲೆ ಬೆಂಡೆ ಬರುವ ಜಾಗದಲ್ಲೇ ಒತ್ತಾಗಿ ಗೊಂಡೆ ಬೆಳೆಸಿ, ದೀಪಾವಳಿಗೆ ಹೂವು ಕೊಯ್ದು, ಆಮೇಲೆ ಗಿಡವನ್ನು ಅಲ್ಲೇ ಕತ್ತರಿಸಿ ಮಣ್ಣಿಗೆ ಸೇರಿಸಬೇಕು. ಈ ಸಲ ಕಿತ್ತ ಬೆಂಡೆಯ ಬೇರು ಹೆಚ್ಚುಕಮ್ಮಿ ಸಾಫು.

ಮೊಗೆ (ಸಾಂಬಾರ್ ಸೌತೆ) ಮತ್ತು ಹಾಗಲಕ್ಕೆ ಹಣ್ಣುನೊಣ. ಒಂದು ವರ್ಷ ಅಂಗಡಿಯಲ್ಲಿ ಕೊಟ್ಟ ಬಲೆ ನೇತುಹಾಕಿ ತಿಂಗಳು ಕಾದೆ. ನೊಣ ರಾಶಿ ಬಿತ್ತು, ಮೊಗೆಕಾಯಿ ಮಾತ್ರ ಹುಳವೇ. ಅದರಲ್ಲಿ ಇದ್ದದ್ದು ಮಾವಿನ ನೊಣವನ್ನು ಸೆಳೆಯುವ ಮೀಥೈಲ್ ಯೂಜಿನಾಲ್. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲೂರ್ ಬೇಕು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಹೆಸರು ಹಿಡಿದು ಕೇಳಿ. ಅದರಲ್ಲಿ ಬೀಳುವುದು ಗಂಡು ನೊಣ ಮಾತ್ರ. ಹಾಗಾಗಿ ಕೊಳೆತು ಉದುರಿದ ಮಿಡಿಗಳನ್ನು ದಿನವೂ ಹೆಕ್ಕಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಬಲೆಯ ದುಡ್ಡು ದಂಡ.

ಗೊಬ್ಬರಕ್ಕೆ ಮೀನು. ಬೈಗೆ ಮೀನು (ಬೂತಾಯಿ) ಅಗ್ಗಕ್ಕೆ ಸಿಕ್ಕಾಗ ತಂದು, ತೂಕಕ್ಕೆ ಸಮ ಜೋನಿ ಬೆಲ್ಲ (ನೀರು ಬೆಲ್ಲ) ಹಾಕಿ, ಡಬ್ಬದಲ್ಲಿ ಬಾಯಿ ಸಡಿಲ ಬಿಟ್ಟು ಒಂದು ತಿಂಗಳು ಇಡುತ್ತೇನೆ. ಅಚ್ಚು ಬೆಲ್ಲಕ್ಕಿಂತ ಜೋನಿಯಲ್ಲಿ ಬೇಗ ಕರಗುತ್ತದೆ. ಸೋಸಿ, ಲೀಟರಿಗೆ ಒಂದು ಚಮಚ, ಹತ್ತು ದಿನಕ್ಕೊಮ್ಮೆ ಬುಡಕ್ಕೆ. ನಾತದ ಮಾತು ಬರುತ್ತದೆ ಅಲ್ವಾ? ನಾತ ಬಾರದಂತೆ ನಾನು ಡಬ್ಬಕ್ಕೆ ಹಾಕುವ ಒಂದು ಸೊಪ್ಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹಿತ್ತಲಿಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಎರಡು ಪ್ರಯೋಗ. ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಆ ಸಿಹಿ ಈರುಳ್ಳಿಯ ಸಸಿ ತಂದು ನೆಟ್ಟೆ. ನನ್ನ ಹೊಯ್ಗೆಯಲ್ಲಿ ಗಡ್ಡೆ ಗೋಲಿ ಗಾತ್ರ ದಾಟಲಿಲ್ಲ. ಅದಕ್ಕೆ ಅವರ ಗದ್ದೆಯ ಮಣ್ಣೇ ಬೇಕು, ನಾನು ಮತ್ತೆ ಕೈ ಹಾಕುವುದಿಲ್ಲ. ಎರಡನೆಯದು ಟೊಮೆಟೊ. ಕಾಯಿ ಹಿಡಿಯುವ ಹೊತ್ತಿಗೆ ಹಸಿರು ಗಿಡ ಒಂದೇ ದಿನದಲ್ಲಿ ಜೋತು ಬೀಳುತ್ತದೆ. ಕಾಂಡ ಕತ್ತರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿದರೆ ಹಾಲಿನಂಥ ಎಳೆ ಇಳಿಯುತ್ತದೆ, ದುಂಡಾಣು ಸೊರಗು. ಔಷಧಿ ಹೊಡೆದು ಪ್ರಯೋಜನವಿಲ್ಲ. ಹಾಗಾಗಿ ಈ ಸೊರಗು ತಡೆಯುವ ಕಾಡು ಸುಂಡೆಯ (ಬದನೆ ಜಾತಿಯ ಗಿಡ) ಸಸಿಗೆ ಟೊಮೆಟೊ ಕಸಿ ಕಟ್ಟಿದೆ. ಅರ್ಧಕ್ಕಿಂತ ಜಾಸ್ತಿ ಕಸಿ ಹಿಡಿಯಲಿಲ್ಲ. ಸುಂಡೆ ನಿಧಾನ, ಟೊಮೆಟೊ ಬೇಗ ಬೆಳೆಯುತ್ತದೆ, ಕಾಂಡದ ದಪ್ಪ ಕೂಡುವುದಿಲ್ಲ. ಸುಂಡೆಯನ್ನು ಟೊಮೆಟೊಗಿಂತ ಒಂದು ತಿಂಗಳಿಗೂ ಮೊದಲೇ ಬಿತ್ತಬೇಕು. ಹಿಡಿದ ನಾಲ್ಕೈದು ಗಿಡಗಳಲ್ಲಿ ಒಂದೂ ಸೊರಗಲಿಲ್ಲ. ಬದನೆಗೆ ಇದೇ ಕಸಿ ಸಲೀಸು. ಮುಂದಿನ ವರ್ಷ ಬದನೆಯನ್ನೆಲ್ಲ ಹೀಗೇ ಮಾಡುತ್ತೇನೆ.

ಹೂವಿಗೆ ತೆಂಗಿನ ಅರೆ ನೆರಳು ನನಗೆ ದೊಡ್ಡ ಆಸ್ತಿ. ಅಬ್ಬಲಿಗೆಗೆ ಅದು ಸಾಕು. ಒಣಗಿದ ತೆನೆಗೆ ನೀರು ತಾಗಿದರೆ ಬೀಜ ಪಟಪಟ ಸಿಡಿದು ಹೋಗುತ್ತದೆ. ಹಾಗಾಗಿ ತೆನೆ ಒಣಗುವ ಮೊದಲೇ ಬಟ್ಟೆ ಕಟ್ಟಿಬಿಡುತ್ತೇನೆ. ಮೊಳೆಯಲು ಮೂರು ವಾರವೂ ಹಿಡಿದೀತು, ಮಡಿ ಕೆದಕಬೇಡಿ. ಮಲ್ಲಿಗೆ ಭಟ್ಕಳದಿಂದ ತಂದ ಕಡ್ಡಿ. ನವೆಂಬರ್ ಕೊನೆಗೆ ಧೈರ್ಯವಾಗಿ ಸವರಿ, ಎರಡು ವಾರ ನೀರು ಕಮ್ಮಿ ಮಾಡಿ, ಆಮೇಲೆ ಗೊಬ್ಬರ ಕೊಟ್ಟರೆ ಮದುವೆಗಳ ಕಾಲಕ್ಕೆ ಸರಿಯಾಗಿ ಮೊಗ್ಗು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಅಗೆತಕ್ಕೆ ಆಳಿನ ಕೂಲಿ ಐದು ಸಾವಿರದ ಹತ್ತಿರ, ಅದೇ ದೊಡ್ಡದು. ಒಂದು ಟೆಂಪೊ ಸಿಪ್ಪೆ, ಕೆರೆಗೋಡು, ಬಾಡಿಗೆ ಸೇರಿ ಮೂರೂವರೆ. ಪೈಪು, ವಾಲ್ವ್ ಎರಡು ಸಾವಿರದ ಒಳಗೆ. ಬೀಜ, ಬಲೆ, ಬೇವಿನೆಣ್ಣೆ, ಬೈಗೆ, ಜೋನಿ ಎಲ್ಲ ಕೂಡಿ ಇನ್ನೊಂದು ಸಾವಿರದ ಐನೂರು. ಹನ್ನೆರಡು ಸಾವಿರ ಅನ್ನಿ. ಅಬ್ಬಲಿಗೆ ದಂಡೆ ಮತ್ತು ಮಲ್ಲಿಗೆ ಮೊಗ್ಗಿನಿಂದ ಈ ಬೇಸಿಗೆಯಲ್ಲಿ ಒಂಬತ್ತು ಸಾವಿರ ಬಂದಿರಬೇಕು. ಬಸಳೆ ಕಟ್ಟು ಮಾರಿದ್ದು ಸಾವಿರದ ಮೇಲೆ. ಮನೆಗೆ ಬಳಸಿದ ತರಕಾರಿ ವಾರಕ್ಕೆ ಮುನ್ನೂರು ರೂಪಾಯಿಯದ್ದು ಅಂದುಕೊಂಡರೂ ಮೂರು ಸಾವಿರ ದಾಟುತ್ತದೆ. ಮೊದಲ ವರ್ಷವೇ ಖರ್ಚು ಎದ್ದಿದೆ. ಮುಂದಿನ ವರ್ಷ ಅಗೆತ ಇಲ್ಲ, ಪೈಪು ಇಲ್ಲ.

ಈ ಕಾಲುವೆಗಳು ಮಳೆಗಾಲಕ್ಕೆ ಬಾರವು. ಜೂನ್‌ನಲ್ಲಿ ಮಳೆ ಹಿಡಿದರೆ ಬಾವಿಯ ನೀರೇ ಮೇಲೇರಿ ಕಾಲುವೆಗೆ ಬರುತ್ತದೆ, ಬೆಂಡೆಯಂತೂ ಉಳಿಯುವುದಿಲ್ಲ. ಮೇ ಕೊನೆಗೆ ಒಡ್ಡಿನ ಹೊಯ್ಗೆಯನ್ನು ಅರ್ಧ ಕಾಲುವೆಗಳಿಗೆ ಎಳೆದು ಏರು ಮಡಿ ಮಾಡುತ್ತೇನೆ, ಅಲ್ಲಿ ಮಳೆಗಾಲದ ಸೌತೆ. ಇನ್ನರ್ಧ ಹಾಗೇ ಬಿಟ್ಟು ಪತ್ರೊಡೆ ಕೆಸು ನೆಡುವುದು ಅಂತ ಅತ್ತೆ ಹೇಳಿದ್ದಾರೆ. ಗಡ್ಡೆ ಈಗಾಗಲೇ ಅವರೇ ಎತ್ತಿಟ್ಟಿದ್ದಾರೆ.