ವೈನ್‌ಗ್ಲಾಸ್ ಅಂದ್ರೆ ಎಷ್ಟು?

ನಾನು ಮಾಡಿದ ಮೊದಲ ಕಾಕ್‌ಟೇಲ್ ಒಂದು ಗುಟುಕು ಕುಡಿದು ನಮ್ಮ ಕ್ಯಾಶಿಯರ್ ಅಣ್ಣ ಕಣ್ಣು ಮುಚ್ಚಿ ಕೂತುಬಿಟ್ಟರು. ಆಮೇಲೆ, "ತಮ್ಮಾ, ಇದರಾಗ ಮೂರು ಮಂದಿ ಕುಡೀತಾರ ನೋಡು" ಅಂದರು.

ಕಲಬುರಗಿಯ ಸ್ಟೇಷನ್ ರೋಡ್ ಕಡೆ ಒಂದು ಬಾರ್‌ನಲ್ಲಿ ನಾನು ಕೌಂಟರ್ ನೋಡಿಕೊಳ್ತೇನೆ. ಪೆಗ್ ಅಳೆಯೋದು, ಸೋಡಾ ಒಡೆಯೋದು, ಶೇಂಗಾ ಕೊಡೋದು, ಇಷ್ಟೇ ಇತ್ತು ಕೆಲಸ. ಮೇಲೆ ಎಸಿ ಹಾಲ್ ಆದಮೇಲೆ ಮೆನುವಿನಲ್ಲಿ ಕಾಕ್‌ಟೇಲ್ ಅಂತ ಒಂದು ಪುಟ ಸೇರಿತು. ಮಾಡೋನು ನಾನೇ, ಕಲಿಸೋರು ಯಾರೂ ಇಲ್ಲ. ಮೊಬೈಲ್‌ನಲ್ಲಿ ಜೆರ್ರಿ ಥಾಮಸ್ ಅನ್ನೋ ಹಳೆಯ ಅಮೆರಿಕನ್ ಬಾರ್‌ಟೆಂಡರ್‌ನ ಕಾಕ್‌ಟೇಲ್ ಪುಸ್ತಕ ಇಳಿಸಿಕೊಂಡೆ. 1862ರಲ್ಲಿ ನ್ಯೂಯಾರ್ಕ್‌ನಲ್ಲಿ ಅಚ್ಚಾದದ್ದು, ಅಷ್ಟು ಹಳೆಯದಾದ್ದರಿಂದ ಪುಕ್ಕಟೆ. ಅದರಲ್ಲಿ ಎಲ್ಲಿ ನೋಡಿದರೂ "ಒಂದು ವೈನ್‌ಗ್ಲಾಸ್ ಬ್ರಾಂಡಿ". ಶೆಲ್ಫ್‌ನಲ್ಲಿದ್ದ ವೈನ್ ಗ್ಲಾಸ್ ತೆಗೆದು ತುಂಬಿಸಿ ಸುರಿದೆ. ಆಮೇಲೆ ಅಳೆದು ನೋಡಿದರೆ 150 ಎಂಎಲ್!

ಡೇವಿಡ್ ವಂಡ್ರಿಚ್ ಅನ್ನೋರು ಈ ಥಾಮಸ್‌ನ ಬಗ್ಗೆಯೇ 2007ರಲ್ಲಿ ಒಂದು ಚರಿತ್ರೆಯ ಪುಸ್ತಕ ಬರೆದಿದ್ದಾರೆ. ಎಷ್ಟೋ ತಿಂಗಳ ನಂತರ ಅದು ಕೈಗೆ ಸಿಕ್ಕಿತು. ಆ ಕಾಲದ ವೈನ್‌ಗ್ಲಾಸ್ ಅಂದರೆ ಎರಡು ಔನ್ಸ್‌ನ ಒಂದು ಅಳತೆ ಅಂತ ಗೊತ್ತಾಗಿದ್ದು ಅಲ್ಲೇ. ಹೆಚ್ಚುಕಮ್ಮಿ 60 ಎಂಎಲ್. ಅಂದ್ರೆ ನಮ್ಮ ಲಾರ್ಜ್ ಪೆಗ್, ಅಲ್ವಾ! ಅವತ್ತಿನಿಂದ ಬರೀ ರೆಸಿಪಿ ಇರೋ ಪುಸ್ತಕಕ್ಕೆ ನಾನು ದುಡ್ಡು ಹಾಕೋದಿಲ್ಲ.

ಇನ್ನೊಂದು ಕಲಿತದ್ದು ನೀರಿನ ವಿಷಯ. ನಮ್ಮಲ್ಲಿ ದಾಲ್ ಮಿಲ್‌ನ ಒಬ್ಬರು ಕಾಕಾ ದಿನಾ ಬರ್ತಾರೆ. ಒಮ್ಮೆ ಅವರೆದುರೇ ಶೇಕರ್ ಕುಲುಕಿ ಗ್ಲಾಸಿಗೆ ಸೋಸಿದೆ. ಹಾಕಿದ್ದಕ್ಕಿಂತ ಜಾಸ್ತಿ ಬಂತು. ಕಾಕಾ ಹುಬ್ಬು ಏರಿಸಿ, "ಏನಪಾ, ನೀರ್ ಹಾಕೀ ಏನ್?" ಅಂದರು. ಬಾರ್‌ನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. "ಇಲ್ರೀ ಕಾಕಾ, ಬರ್ಫ್ ಕರಗ್ಯಾದ್ರೀ" ಅಂದೆ. ನಂಬಲಿಲ್ಲ. 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟ್ಟರ್ಸ್ (ಹನಿ ಹನಿ ಹಾಕೋ ಕಹಿ ಸಾರ) ಅಂತ ಬರೆದಿತ್ತು. ನೀರು ಆಗಿನಿಂದಲೂ ಒಂದು ಸಾಮಗ್ರಿಯೇ. ಆದರೆ ಕಾಕಾನ ಮುಂದೆ 1806 ಅಂದರೆ ನಡೆಯುತ್ತಾ?

ಅವರ ಅನುಮಾನದಲ್ಲಿ ಸ್ವಲ್ಪ ನಿಜವೂ ಇತ್ತು ಅನ್ನಿ. ಮೇ ತಿಂಗಳು, ಹೊರಗೆ 43 ಡಿಗ್ರಿ. ನಮ್ಮ ಫ್ರಿಜ್‌ನ ಚೂರು ಬರ್ಫ್ ಶೇಕರ್‌ಗೆ ಬೀಳೋ ಮೊದಲೇ ಬೆವರುತ್ತಿತ್ತು. ಆ ಒದ್ದೆಯೆಲ್ಲ ಗ್ಲಾಸಿಗೇ. ಅದಕ್ಕೆ ದಪ್ಪ ಬರ್ಫ್ ನಾನೇ ಮಾಡೋಕೆ ಶುರು ಮಾಡಿದೆ. ಒಂದು ಥರ್ಮಾಕೋಲ್ ಡಬ್ಬಿ ತೊಳೆದು, ಫಿಲ್ಟರ್ ನೀರು ತುಂಬಿ, ಮುಚ್ಚಳ ತೆಗೆದು ಡೀಪ್ ಫ್ರೀಜರ್‌ನಲ್ಲಿ ಇಡ್ತೇನೆ. ಸುತ್ತಲೂ, ಕೆಳಗೂ ಥರ್ಮಾಕೋಲ್ ಇರೋದರಿಂದ ಚಳಿ ಮೇಲಿನಿಂದ ಮಾತ್ರ ಇಳಿಯುತ್ತೆ. ನೀರಿನಲ್ಲಿರೋ ಗಾಳಿ ಕೆಳಗೆ ಕೆಳಗೆ ತಳ್ಳಿಸಿಕೊಂಡು ಹೋಗುತ್ತೆ. ತಳದಲ್ಲಿ ಇನ್ನೂ ನೀರು ಇರುವಾಗಲೇ ತೆಗೆದರೆ ಮೇಲಿನ ಹಲಗೆ ಗಾಜಿನ ಹಾಗೆ ಇರುತ್ತೆ. ಪೂರ್ತಿ ಗಟ್ಟಿಯಾಗೋಕೆ ಬಿಟ್ಟರೆ ತಳ ಬೆಳ್ಳಗಾಗುತ್ತೆ. ತೆಗೆದ ತಕ್ಷಣ ಚಾಕು ಹಾಕಬಾರದು. ನಾನು ಹಾಕಿದೆ, ಇಡೀ ಹಲಗೆ ಟಪ್ ಅಂತ ಸೀಳಿಹೋಯ್ತು. ಮೇಲಿನ ಮಂಜು ಹೋಗಿ ಹೊಳೆಯೋವರೆಗೂ ಕಾದು, ಆಮೇಲೆ ಬ್ರೆಡ್ ಚಾಕುವಿನಿಂದ ಗೀರಿ ತಟ್ಟಬೇಕು. ಈಗ ಈ ಬರ್ಫ್ ಹಾಕಿ, ಹನ್ನೆರಡು ಎಣಿಸೋವರೆಗೂ ಶೇಕರ್ ಕುಲುಕಿ ನಿಲ್ಲಿಸ್ತೇನೆ.

ಅಳತೆಯ ಪ್ರಮಾಣದ ಬಗ್ಗೆ ಡೇವಿಡ್ ಎಂಬರಿಯ 1948ರ ಪುಸ್ತಕ ಓದಿದೆ. ಆತ ವಕೀಲ, ಬಾರ್‌ನವನಲ್ಲ. ಬಹುಶಃ ಅದಕ್ಕೇ ಅಷ್ಟು ವಾದ ಮಾಡ್ತಾನೆ. ಹುಳಿ ಹಾಕೋ ಡ್ರಿಂಕ್‌ಗೆ ಅವನ ಲೆಕ್ಕ 8:2:1. ಅಂದ್ರೆ 60 ಎಂಎಲ್ ಮದ್ಯಕ್ಕೆ 15 ಎಂಎಲ್ ಹುಳಿ, ಏಳೂವರೆ ಎಂಎಲ್ ಸಿಹಿ. ಹಾಗೇ ಮಾಡಿ ಹಾಲ್‌ಗೆ ಕಳಿಸಿದೆ. ಗ್ಲಾಸುಗಳು ಅರ್ಧ ತುಂಬಿದ ಹಾಗೇ ವಾಪಸ್ ಬಂದವು. ನಮ್ಮ ಊರಿನ ನಾಲಿಗೆ ಬೇರೆ. ನಿಂಬೆಯೂ ಬೇರೆ. ಅವರ ಪುಸ್ತಕದ ನಿಂಬೆ ದೊಡ್ಡದು, ಹಳದಿ, ದಪ್ಪ ಸಿಪ್ಪೆಯದು. ನಮ್ಮದು ತೆಳು ಸಿಪ್ಪೆ, ಚುರುಕು ಹುಳಿ. ಈಗ 60 ಎಂಎಲ್ ರಮ್‌ಗೆ 20 ನಿಂಬೆರಸ, 20 ಸಕ್ಕರೆ ಪಾಕ ಹಾಕ್ತೇನೆ. ಎಂಬರಿ ನೋಡಿದರೆ ಪಾನಕ ಅಂತ ಬೈದಾನು.

ಪಾನಕ ಅಂದಾಗ ನೆನಪಾಯ್ತು. ಮದ್ಯ, ಹುಳಿ, ಸಕ್ಕರೆ, ನೀರು, ಮಸಾಲೆ, ಹೀಗೆ ಐದು ಸಾಮಗ್ರಿ ಸೇರಿಸೋ ಪಂಚ್ ಅನ್ನೋ ಡ್ರಿಂಕ್‌ಗೆ ಆ ಹೆಸರು ನಮ್ಮ "ಪಂಚ", ಅಂದರೆ ಐದರಿಂದ ಬಂತು ಅಂತ ಹಳೆಯ ಬರಹಗಳು ಹೇಳ್ತವೆ. ಒಪ್ಪದೇ ಇರೋರೂ ಇದ್ದಾರೆ. ನಾನಂತೂ ಗಿರಾಕಿಗಳಿಗೆ ಎರಡೂ ಹೇಳ್ತೇನೆ. ಕಾಕಾ ಒಪ್ಪಿದ ಚರಿತ್ರೆ ಇದೊಂದೇ. "ಹಂಗಾದ್ರ ಅದು ನಮ್ದೇ ಬಿಡಪಾ" ಅಂದು, ಅವತ್ತು ಮೊದಲ ಸಲ ತಮ್ಮ ವಿಸ್ಕಿ ಬಿಟ್ಟು ಅದನ್ನ ತರಿಸಿಕೊಂಡರು. ಪಾಕ ಮಾತ್ರ ಇನ್ನೂ ಸ್ವಲ್ಪ ಹಾಕು ಅಂದರು.