ಹೊಳೆಯ ದೋಣಿ ಮಾಲೀಕರು ಸಂಘ ಕಟ್ಟಿ ಬೇಡಿಕೆ ಇಡುವುದು ಹೇಗೆ?

ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ. ನಮ್ಮ ಕರಾವಳಿಯ ಈ ಹೊಳೆಗಳೆಲ್ಲ 2016ರ ಕಾಯ್ದೆ ಘೋಷಿಸಿದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿವೆ. ಆದರೆ ಪಟ್ಟಿ ಸೇರಿದ ಮಾತ್ರಕ್ಕೆ ಹೂಳು ಹೋಗುವುದಿಲ್ಲ, ದೋಣಿ ನಿಲ್ಲುವ ಧಕ್ಕೆಗೆ ದೀಪ ಬರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು, ಒಗ್ಗಟ್ಟಾಗಿ ಕೇಳಬೇಕು.

ಮೊದಲು ಸದಸ್ಯರ ಕಾಗದಪತ್ರ ಸರಿಮಾಡಿಸಿ. 1917ರ ಹಳೆಯ ಕಾಯ್ದೆಯ ಬದಲು ಈಗ 2021ರ ಒಳನಾಡು ಜಲನೌಕೆ ಕಾಯ್ದೆ ಇದೆ. ಅದರಡಿ ಬರುವ ಯಂತ್ರದ ದೋಣಿಗೆ ನೋಂದಣಿ, ಸರ್ವೆ (ದೋಣಿಯ ತಪಾಸಣೆ) ಪ್ರಮಾಣಪತ್ರ, ವಿಮೆ ಬೇಕು. ದಾಖಲೆ ಇಲ್ಲದೆ ಬೇಡಿಕೆ ಇಟ್ಟರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಸಂಘದ ನೋಂದಣಿ ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಾಕು. ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯುವಾಗ ಮಾತ್ರ ಅವಸರ ಬೇಡ. ಐದು ಪ್ರವಾಸಿ ದೋಣಿ ಇರುವವರಿಗೂ ಒಂದೇ ಸಣ್ಣ ಪಾತಿದೋಣಿ ಇರುವವರಿಗೂ ಒಂದೊಂದೇ ಮತ ಇರಲಿ. ವೇಗದ ದೋಣಿಯ ಅಲೆಗೆ ಬಲೆ ಹರಿಯುವ ಮೀನುಗಾರನೂ ಸಮಿತಿಯಲ್ಲಿ ಕುಳಿತಿರಬೇಕು. ಅವನನ್ನು ಹೊರಗಿಟ್ಟ ಸಂಘ ಹೊಳೆಯ ಹೆಸರಿನಲ್ಲಿ ಮಾತಾಡುವುದು ನ್ಯಾಯವಲ್ಲ.

ಇನ್ನು ಮುಖ್ಯ ಕೆಲಸ: ಸಾಕ್ಷ್ಯ. "ಹೂಳು ತುಂಬಿದೆ" ಎಂಬ ಮನವಿ ಕಡತದಲ್ಲೇ ಉಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲಿನ ಇಳಿತ ಜೋರು. ಆ ಹೊತ್ತಿಗೆ ಅಡಿ, ಇಂಚು ಗುರುತು ಹಾಕಿದ ಬಿದಿರು ಗಳ ಹಿಡಿದು ದೋಣಿಯಲ್ಲಿ ಹೊರಡಿ. ಧಕ್ಕೆಯ ಬುಡದಲ್ಲಿ, ತಿರುವಿನಲ್ಲಿ, ಸೇತುವೆಯ ಕಂಬಗಳ ನಡುವೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಗಳ ಊರಿ ಆಳ ನೋಡಿ. ಕೆಸರಿನಲ್ಲಿ ಗಳ ಇಳಿಯುತ್ತದೆ, ಆದ್ದರಿಂದ ನೆಲ ತಾಗಿದ ಕ್ಷಣದ ಗುರುತನ್ನೇ ಬರೆದುಕೊಳ್ಳಬೇಕು. ಪಕ್ಕದಲ್ಲಿ ದಿನಾಂಕ, ಗಂಟೆ, ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶ ಇರಲಿ. ಜನ ತುಂಬಿದ ದೋಣಿಯ ಪ್ರೊಪೆಲರ್ ನೀರೊಳಗೆ ಎಷ್ಟು ಅಡಿ ಇಳಿಯುತ್ತದೆ ಎಂಬುದನ್ನೂ ಅಳೆದು ಜೊತೆಗಿಡಿ. ಈ ಎರಡು ಅಂಕಿ ಎದುರೆದುರು ಇದ್ದರೆ ಎಂಜಿನಿಯರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮನವಿ ಯಾರಿಗೆ? ಧಕ್ಕೆ, ಜಲಮಾರ್ಗದ ವಿಷಯ ರಾಜ್ಯದ ಬಂದರು, ಜಲಸಾರಿಗೆ ನೋಡಿಕೊಳ್ಳುವ ಕರ್ನಾಟಕ ಮೇರಿಟೈಮ್ ಬೋರ್ಡಿಗೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ವಿಷಯ ಅರಣ್ಯ ಇಲಾಖೆಗೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ) ವಲಯದ ಮರಳು ದಿಬ್ಬ ತೆರವಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯ ಒಪ್ಪಿಗೆ ಬೇಕು. ಇಲ್ಲಿ ಎಚ್ಚರ: ನಿಮ್ಮ ಪತ್ರವನ್ನು ಮರಳು ವ್ಯಾಪಾರಕ್ಕೆ ಬಳಸಿಕೊಳ್ಳಲು ಯಾರಿಗೂ ಬಿಡಬೇಡಿ. ಸೇತುವೆಯ ಕೆಳಗಿನ ತೊಡಕಿಗೆ ಹೆದ್ದಾರಿ ಇಲಾಖೆಯನ್ನೂ ಕೇಳಬೇಕಾಗುತ್ತದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದಾಗ ರಸ್ತೆಯ ಭಾಗವೇ ಹೊಳೆಗೆ ಬಿತ್ತು. ಒಂದೇ ಜಾಗಕ್ಕೆ ಹಲವು ಇಲಾಖೆ ಸಂಬಂಧಪಟ್ಟಾಗ ಎಲ್ಲರಿಗೂ ಒಂದೇ ಪತ್ರದ ಪ್ರತಿ ಕಳಿಸಿ, ಪ್ರತಿಯೊಬ್ಬರಿಂದ ಸ್ವೀಕೃತಿ ಮುದ್ರೆ ಪಡೆಯಿರಿ.

ಒಂದು ಪತ್ರಕ್ಕೆ ಒಂದೇ ಬೇಡಿಕೆ ಸಾಕು.

ಉತ್ತರ ಬಾರದಿದ್ದರೆ ಆ ಪತ್ರದ ಮೇಲೆ ಏನು ಕ್ರಮವಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಅರ್ಜಿಯನ್ನು ಸಂಘದ ಹೆಸರಿನಲ್ಲಿ ಅಲ್ಲ, ಪದಾಧಿಕಾರಿಯೊಬ್ಬರ ಸ್ವಂತ ಹೆಸರಿನಲ್ಲಿ ಹಾಕುವುದು ಒಳ್ಳೆಯದು, ಏಕೆಂದರೆ ಕಾಯ್ದೆ ಈ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. 30 ದಿನದಲ್ಲಿ ಉತ್ತರ ಸಿಗದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.